ಕೆಳಗಿನಿಂದ ಬಂದವನ ಕರಡಿಗೆ

ಸಮುದ್ರಕ್ಕೆ ಹೋದವರು ತಿರುಗಿ ಬರದಿದ್ದರೆ ನಮ್ಮೂರಿನಲ್ಲಿ ಸತ್ತರು ಎನ್ನುವಂತಿಲ್ಲ. ಕೆಳಗೆ ಹೋಗಿದ್ದಾರೆ ಎನ್ನಬೇಕು. ಹೆಣ ಸಿಕ್ಕಿದರೆ ಮಾತು ಬೇರೆ. ಸಿಗದವರಿಗೆ ತಿಥಿಯಿಲ್ಲ, ಪಟಕ್ಕೆ ಹಾರವಿಲ್ಲ. ಅವರು ಊಟಕ್ಕೆ ಕೂರುತ್ತಿದ್ದ ಮಣೆಯನ್ನು ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ಅವರ ಹೆಂಡತಿಯರು ಬಲಗೈಗೆ ಮಾತ್ರ ಬಳೆ ಹಾಕಿಕೊಳ್ಳುತ್ತಾರೆ, ಎಡಗೈ ಬರಿದು. ಅರಿಶಿನ ಕುಂಕುಮಕ್ಕೆ ಅಂಥವರನ್ನು ಕರೆಯಬೇಕೋ ಬೇಡವೋ ಎಂಬ ಗೊಂದಲ ಬೇಡವೆಂದು ಹಿರಿಯರು ಮಾಡಿದ ಏರ್ಪಾಡು ಇದು. ಕರೆಯುತ್ತಾರೆ, ಆದರೆ ಎಲ್ಲರಿಗೂ ಕೊಟ್ಟಾದ ಮೇಲೆ ಕೊಡುತ್ತಾರೆ. ಇನ್ನು ಮನೆಯ ಮುಂಬಾಗಿಲ ಬಣ್ಣ ಬದಲಿಸುವಂತಿಲ್ಲ, ಬಂದವರಿಗೆ ಗುರುತು ಸಿಗಬೇಕಲ್ಲ. ನಮ್ಮ ಕೇರಿಯಲ್ಲಿ ಒಂದು ಬಾಗಿಲು ಕೊಳೆತ ಬಾಳೆಹಣ್ಣಿನ ಬಣ್ಣದ್ದು. ಮೊದಲ ಸಲ ಅದನ್ನು ಯಾರು ಬಳಿದರೋ, ಅವರ ಮರಿಮಕ್ಕಳು ಇವತ್ತಿಗೂ ಬೈಯುತ್ತ ಅದನ್ನೇ ಬಳಿಯುತ್ತಾರೆ.

ಬರುವವರು ಬರುತ್ತಾರೆ, ಅಪರೂಪಕ್ಕೆ. ಹೋದ ವಯಸ್ಸಿನಲ್ಲೇ, ಹೋದ ಬಟ್ಟೆಯಲ್ಲೇ ಬರುತ್ತಾರೆ. ತಾವು ಮೂರು ದಿನ ನೆಂಟರ ಮನೆಯಲ್ಲಿದ್ದು ಬಂದೆವು ಎಂದುಕೊಂಡಿರುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ತರಹದ ಕರಡಿಗೆ, ಪುಟ್ಟ ಪೆಟ್ಟಿಗೆ, ಕಪ್ಪಗೆ, ಅಂಗೈಯಗಲ, ಮುಚ್ಚಳಕ್ಕೆ ಕೆಂಪು ದಾರ. ತೆರೆಯಬೇಡಿ ಎಂದು ಹೇಳಿ ಕೆಳಗಿನವರು ಕೊಟ್ಟಿರುತ್ತಾರೆ. ತೆರೆಯಬಾರದ್ದನ್ನು ಕೊಡುವುದಾದರೂ ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿ ನಾನು ಬೆನ್ನಿಗೆ ಗುದ್ದು ತಿಂದಿದ್ದೇನೆ. ಕೆಳಗೆ ಹೋಗುವುದು ಹೇಗೆಂಬುದಕ್ಕೆ ಕೇರಿಗೊಂದು ಕಥೆ. ಅಳಿವೆಯ ಕಡೆಯವರು ಬಲೆಗೆ ಬಿದ್ದ ಆಮೆಯನ್ನು ಬಿಡಿಸಿದರೆ ಅದು ಬೆನ್ನ ಮೇಲೆ ಕೂರಿಸಿಕೊಂಡು ಹೋಗುತ್ತದೆ ಎನ್ನುತ್ತಾರೆ. ಉಪ್ಪಿನಗದ್ದೆಯವರು ಆಮೆಯೇ ಹೆಂಗಸಾಗಿ ದೋಣಿ ಹತ್ತುತ್ತದೆ ಎನ್ನುತ್ತಾರೆ. ಕರಡಿಗೆಯಲ್ಲಿ ಏನಿದೆ ಎಂಬುದಕ್ಕೂ ಅಷ್ಟೇ. ಅಲ್ಲಿಂದ ಹೊಗೆ ಬರುತ್ತದೆ, ಹೊಗೆಯಲ್ಲಿ ವಯಸ್ಸು ಬರುತ್ತದೆ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ತೆರೆದವರಲ್ಲಿ ಹೆಚ್ಚಿನವರು ಕೂತಲ್ಲೇ ಮುದುಕರಾಗಿ ಹೋಗಿಬಿಟ್ಟರು. ಒಬ್ಬಳು ಬೆಳ್ಳಕ್ಕಿಯಾಗಿ ಹಂಚಿನ ಮಾಡಿನ ಸಂದಿನಿಂದ ಹಾರಿಹೋದಳು. ಒಬ್ಬ ಕೂತ ಜಾಗದಲ್ಲಿ ಬರೀ ಪಂಚೆ ಉಳಿಯಿತು. ಇವೆಲ್ಲ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಬಂದವರಿಗೆ ಸುದ್ದಿ ಹೇಳುವವಳು ನಾನು.

ಅದು ನನ್ನ ಅತ್ತೆಯಿಂದ ಬಂದ ಕೆಲಸ. ನನ್ನ ಗಂಡ ವಾಮನ ಕೆಳಗೆ ಹೋದ ಮೇಲೆ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಕ್ರಮ ಹೀಗೆ. ಮೊದಲು ಗಂಜಿ, ಮಿಡಿ ಉಪ್ಪಿನಕಾಯಿ. ಕೆಳಗಿನ ಅಡಿಗೆಯಲ್ಲಿ ಉಪ್ಪು ಹುಳಿ ಇರುವುದಿಲ್ಲವಂತೆ, ನಾಲಿಗೆ ಮೊದಲು ಊರಿಗೆ ಬರಬೇಕು. ಆಮೇಲೆ ಸುದ್ದಿ, ಸಣ್ಣದರಿಂದ ದೊಡ್ಡದಕ್ಕೆ. ಬಿದ್ದ ಮರ, ಬತ್ತಿದ ಬಾವಿ, ಹೊಸ ರಸ್ತೆ. ಆಮೇಲೆ ಮದುವೆಗಳು. ಆಮೇಲೆ ಸಾವುಗಳು, ದೂರದವರಿಂದ ಹತ್ತಿರದವರಿಗೆ. ಎಲ್ಲ ಮುಗಿದ ಮೇಲೆ ಎಷ್ಟು ವರ್ಷವಾಯಿತೆಂದು ಹೇಳಿ, "ಇನ್ನು ನಿಮ್ಮದು ನಿಮಗೆ" ಎಂದು ಕರಡಿಗೆಯನ್ನು ಅವರ ಕಡೆ ಸರಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಊರಿನವರು ಅಂಗಳದಲ್ಲಿ ತಲೆತಗ್ಗಿಸಿ ನಿಂತಿರುತ್ತಾರೆ. ಯಾರೂ ತೆರೆ ಎನ್ನುವುದಿಲ್ಲ, ಬೇಡ ಎಂದೂ ಎನ್ನುವುದಿಲ್ಲ. ಅದು ನಮ್ಮೂರಿನ ಮರ್ಯಾದೆ. ನನಗೆ ನೆನಪಿರುವಂತೆ ಹೊತ್ತು ಮುಳುಗುವವರೆಗೆ ತೆರೆಯದೆ ಕೂತವರು ಒಬ್ಬರೂ ಇಲ್ಲ.

ಆ ಬೆಳಿಗ್ಗೆ ನಾನು ಅಂಗಳದಲ್ಲಿ ಬಂಗುಡೆ ಒಣಹಾಕುತ್ತಿದ್ದೆ. ಗುರಿಕಾರ ತ್ಯಾಂಪಣ್ಣ ಬಂದು ನಿಂತರು. ಊರಿಗೆ ಹಿರಿಯರು, ಒಂದು ಕಾಲದಲ್ಲಿ ವಾಮನನ ಜೊತೆ ಒಂದೇ ದೋಣಿಯಲ್ಲಿ ದುಡಿದವರು. ಏನಿದ್ದರೂ ಬೇಲಿಯಾಚೆಯಿಂದಲೇ ಕೂಗುವ ಮನುಷ್ಯ ಅವತ್ತು ಒಳಗೆ ಬಂದು ಮೀನು ನೋಡುತ್ತ ನಿಂತರು.

"ಸೇಸಕ್ಕ, ಒಬ್ಬ ಬಂದಿದ್ದಾನೆ," ಎಂದರು.

"ಗಂಜಿ ಉಂಟು, ತಕೊಂಡು ಬರ್ತೇನೆ. ಯಾರ ಮನೆಯವರು?"

"ನೀವು ಇವತ್ತು ಬೇಡ. ಸುದ್ದಿ ನಾನೇ ಹೇಗಾದ್ರೂ ಹೇಳ್ತೇನೆ. ಮನೆಯವರು ಹೇಳುವ ಕ್ರಮ ಇಲ್ಲವಲ್ಲ."

ಅಷ್ಟು ಸಾಕಾಯಿತು. ನನ್ನ ಕೈಯಲ್ಲಿದ್ದ ಮೀನು ಚಾಪೆಯ ಮೇಲೆ ಬೀಳಲಿಲ್ಲ, ತಲೆ ಸುತ್ತಲಿಲ್ಲ, ಅಂಥದ್ದೇನೂ ಆಗಲಿಲ್ಲ. ನನಗೆ ಸಿಟ್ಟು ಬಂತು. ನಲವತ್ತರ ಹತ್ತಿರ ವರ್ಷ ಕಾದವಳಿಗೆ ಮೊದಲು ಬರುವುದು ಸಿಟ್ಟೇ ಎಂದು ನನಗೂ ಅವತ್ತೇ ಗೊತ್ತಾದದ್ದು. ಕೈ ತೊಳೆದೆ. ವಾಸನೆ ಹೋಗಲಿಲ್ಲವೆಂದು ಮತ್ತೆ ತೊಳೆದೆ. ಸೀರೆ ಬದಲಿಸಲು ಒಳಗೆ ಹೋದವಳು ಹಾಗೇ ಹೊರಗೆ ಬಂದೆ. ಯಾವ ಸೀರೆ ಉಟ್ಟರೂ ಒಳಗಿರುವವಳು ಅರವತ್ತು ದಾಟಿದವಳೇ ತಾನೆ.

"ತ್ಯಾಂಪಣ್ಣ, ನಿಮಗೆ ಸುದ್ದಿ ಹೇಳುದಕ್ಕೆ ಬರುದಿಲ್ಲ. ನೀವು ಸೀದಾ ಸಾವಿನಿಂದ ಶುರು ಮಾಡ್ತೀರಿ. ನಾನೇ ಹೋಗ್ತೇನೆ," ಎಂದೆ. ಅವರು ಬೇಡವೆಂದು ಕೈ ಅಡ್ಡ ಮಾಡಿದರು. ನಾನು ಗಂಜಿಯ ಪಾತ್ರೆ ಎತ್ತಿಕೊಂಡು ಅವರ ಕೈಯ ಕೆಳಗೇ ನುಸುಳಿ ನಡೆದೆ.

ಬಂದವರ ಕೋಣೆ ಎಂದು ಕರೆಯುವ ಸಣ್ಣ ಹಂಚಿನ ಮನೆ ಕಡಲ ದಂಡೆಯಲ್ಲೇ ಇದೆ. ವಾಮನ ಚಾಪೆಯ ಮೇಲೆ ಕೂತಿದ್ದ. ತಲೆಯ ಮೇಲೆ ಒರೆಸಿಕೊಳ್ಳಲೆಂದು ಯಾರೋ ಹಾಕಿದ ಬೈರಾಸು, ಮಡಿಲಲ್ಲಿ ಕರಡಿಗೆ. ಮೊದಲಾದರೆ ನಾನು ಅವನನ್ನು ನೀವು, ಅವರು ಎನ್ನುತ್ತಿದ್ದೆ. ಈಗ ಹೇಳುವಾಗ ಅವನು ಎನ್ನುತ್ತಿದ್ದೇನೆ. ಮಗಳಿಗಿಂತ ಚಿಕ್ಕವನನ್ನು ಬಹುವಚನದಲ್ಲಿ ಕರೆಯಲು ನನ್ನಿಂದಾಗದು, ಬೇಕಾದವರು ತಿದ್ದಿಕೊಳ್ಳಲಿ. ಎಷ್ಟು ಎಳೆಯ ಮುಖ! ಇವನಿಗೆ ಹೆದರಿಯೇ ನಾನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡಿಗೆಮನೆಯ ಕತ್ತಲಲ್ಲಿ ಅಳುತ್ತಿದ್ದದ್ದು ಎಂದು ನನಗೆ ಆಶ್ಚರ್ಯವಾಯಿತು.

ಅವನು ಕೈ ಮುಗಿದ. "ಅಮ್ಮಾ, ನೀವು ಯಾರ ಮನೆಯವರು? ನೋಡಿದ ಮುಖದ ಹಾಗೆ ಉಂಟು. ನನ್ನ ಹೆಂಡತಿಗೆ ಒಮ್ಮೆ ಹೇಳಿ ಕಳಿಸ್ತೀರಾ? ಸೇಸಿ ಅಂತ. ಮೂರು ದಿನ ಆಯ್ತು, ಹೆದರಿರ್ತಾಳೆ. ತಿಂಗಳು ತುಂಬ್ತಾ ಬಂತು ಅವಳಿಗೆ, ಒಬ್ಬಳನ್ನೇ ಬಿಡ್ಬೇಡಿ, ಯಾರಾದ್ರೂ ಕೈ ಹಿಡ್ಕೊಂಡು ಬರ್ಲಿ."

ಕೈ ಹಿಡಿದುಕೊಂಡು ಬರಲಂತೆ. ನಾನು ಗಂಜಿ ಬಡಿಸಿದೆ. ಅವನು ಮಿಡಿಯನ್ನು ಕಚ್ಚಿ ಕಣ್ಣು ಮುಚ್ಚಿದ. ಎರಡನೆಯ ಸಲವೂ ಹಾಕಿಸಿಕೊಂಡ. ನಾನು ಕಲಿತದ್ದನ್ನು ಬಾಯಿಪಾಠದ ಹಾಗೆ ಶುರುಮಾಡಿದೆ. ಅಳಿವೆ ಹತ್ತಿರದ ಹುಣಸೆಮರ ಬಿತ್ತು. ಬಂಡೆಯ ಹತ್ತಿರದ ಬಾವಿಗೆ ಉಪ್ಪುನೀರು ನುಗ್ಗಿತು. ಈಗ ದೋಣಿಗಳಿಗೆಲ್ಲ ಇಂಜಿನ್ನು, ಹುಟ್ಟು ಹಾಕುವವರು ಕಡಿಮೆ.

"ಮೂರು ದಿನದಲ್ಲಾ?" ಎಂದು ಅವನು ನಕ್ಕ. ನಗು ಪೂರ್ತಿಯಾಗಲಿಲ್ಲ. ಬುದ್ಧಿ ಚುರುಕು ಅವನದ್ದು, ಆಗಲೂ ಹಾಗೆಯೇ ಇತ್ತು. ನನ್ನ ಬಲಗೈಯ ಬಳೆ ನೋಡಿದ, ಎಡಗೈ ನೋಡಿದ. "ಅಮ್ಮ ಇದ್ದಾಳಾ?" ಎಂದು ಕೇಳಿದ.

"ಇಲ್ಲ."

"ಅಪ್ಪ?"

"ಅವರು ಅದಕ್ಕಿಂತ ಮೊದಲೇ."

ಕ್ರಮ ತಪ್ಪಿತು. ಅವನೇ ಹತ್ತಿರದವರಿಂದ ಕೇಳುತ್ತಿದ್ದ, ನಾನು ತಡೆಯಲಾರದೆ ಹೇಳುತ್ತಿದ್ದೆ. ಸೇಸಿಯ ಹೆಸರನ್ನು ಮಾತ್ರ ಅವನು ಎತ್ತಲಿಲ್ಲ. ಅದರ ಬದಲು ಅವನ ಕೈ ಕರಡಿಗೆಯ ಮೇಲೆ ಹೋಯಿತು. ಹೆಬ್ಬೆರಳು ಕೆಂಪು ದಾರದ ಗಂಟನ್ನು ಮೆಲ್ಲಗೆ ಸವರತೊಡಗಿತು. ಆ ಸವರುವಿಕೆಯನ್ನು ನಾನು ಎಲ್ಲರ ಬೆರಳಲ್ಲೂ ನೋಡಿದ್ದೇನೆ. ಆಗ ನಾವು ಕಣ್ಣು ಕೆಳಗೆ ಮಾಡಿ ಎದ್ದು ಹೋಗಬೇಕು. ನಾನು ಎದ್ದದ್ದು ನಿಜ. ಆದರೆ ಎದ್ದವಳು ಅವನ ಕೈಗೆ ಬಲವಾಗಿ ಒಂದು ಏಟು ಕೊಟ್ಟೆ.

"ಕೈ ತೆಗಿ! ನಾನೇ ಸೇಸಿ."

ಅವನು ನನ್ನನ್ನು ನೋಡಿದ. ಆ ನೋಟವನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ನನ್ನ ಮುಖದಲ್ಲಿ ಅವನು ಇನ್ನೊಂದು ಮುಖವನ್ನು ಹುಡುಕುತ್ತಿದ್ದ, ಅದು ಸಿಗುವವರೆಗೆ ನಾನು ನಿಂತಿರಬೇಕಾಯಿತು. ಸಿಕ್ಕಿತೆಂದು ತೋರುತ್ತದೆ, ಅವನು ಬೈರಾಸನ್ನು ತಲೆಯಿಂದ ಎಳೆದುಕೊಂಡ.

ಅವನು ಅಳುವ ಮೊದಲೇ ನಾನು ಬಾಯಿ ಬಿಟ್ಟೆ. ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಒಂದೇ ಸಲ ಬಂತು. "ಮೂರು ದಿನವಂತೆ ಮೂರು ದಿನ! ನೀನು ಹೋಗಿ ವಾರಕ್ಕೆ ನನಗೆ ಹೆರಿಗೆ ಆಯ್ತು. ಹೆಣ್ಣು. ಸೂಲಗಿತ್ತಿ ಬರುವ ಮೊದಲೇ ಆಯ್ತು, ನಿನ್ನ ಅಮ್ಮ ಒಬ್ಬರೇ ಇದ್ದದ್ದು. ಗಾಳಿಗೆ ಮನೆಯ ಮಾಡು ಹಾರಿದ ಮಳೆಗಾಲ ಮಗುವನ್ನು ಬುಟ್ಟಿಯ ಅಡಿಯಲ್ಲಿಟ್ಟು ಮಲಗಿಸಿದ್ದೇನೆ. ನೀನು ಅಲ್ಲಿ ಕೂತು ಉಣ್ತಾ ಇದ್ದೆ. ಯಾರು ಬಡಿಸಿದ್ದು?"

"ಎಂತ?"

"ಅಲ್ಲಿ ನಿನಗೆ ಬಡಿಸಿದ್ದು ಯಾರು ಅಂತ ಕೇಳಿದ್ದು."

"ಒಬ್ಬಳು... ಆಮೆಯನ್ನು ಬಿಡಿಸಿದ್ದಕ್ಕೆ ಉಪಕಾರ ಅಂತ ಕರ್ಕೊಂಡು ಹೋದದ್ದು."

"ಹೇಗಿದ್ಳು?"

"ಮುಖ ಸರಿಯಾಗಿ ನೋಡ್ಲಿಲ್ಲ ಸೇಸಿ."

"ಮೂರು ದಿನ ಬಡಿಸಿದವಳ ಮುಖ ನೋಡ್ಲಿಲ್ಲವಾ?"

ಅವನು ತಲೆ ತಗ್ಗಿಸಿದ. ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು, ಈಗಲೂ ಆಯಿತು. ಅದನ್ನು ನೋಡಿ ನನಗೆ ನಗು ಬಂತು. ನಗು ಬಂದದ್ದಕ್ಕೆ ಅಳುವೂ ಬಂತು. ಇಬ್ಬರೂ ಗೋಡೆಗೊರಗಿ ಸ್ವಲ್ಪ ಹೊತ್ತು ಅತ್ತೆವು, ಒಬ್ಬರ ಮುಖ ಒಬ್ಬರು ನೋಡದೆ.

ಆಮೇಲೆ ಅವನು ಕಣ್ಣೊರೆಸಿಕೊಂಡು ಹೇಳಿದ, "ಇದನ್ನು ತೆರೆದ್ರೆ ನನಗೂ ನಿನ್ನ ವಯಸ್ಸು ಬರ್ತದೆ ಅಲ್ವಾ? ತೆರೀತೇನೆ. ಸಮ ಆಗ್ತೇವೆ."

ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ತೆರೆದವರೆಲ್ಲ ಸತ್ತಿಲ್ಲ. ಇವನೂ ಉಳಿಯಬಹುದು. ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಬಿಳಿಗೂದಲಿನ ಮುದುಕ ಎಲೆಯಡಿಕೆ ಹಾಕಿಕೊಂಡು, ಮೊಣಕಾಲು ತಿಕ್ಕಿಕೊಳ್ಳುತ್ತ, ನನ್ನ ಅಡಿಗೆಗೆ ಗೊಣಗುತ್ತ ಕೂರುವುದು ಕಣ್ಣಿಗೆ ಕಟ್ಟಿತು. ಕೇರಿಯ ಹೆಂಗಸರು ಎಷ್ಟೊಂದು ಜನ ಅಂಥ ಮುದುಕರನ್ನು ಕಟ್ಟಿಕೊಂಡು ಸಾಕಪ್ಪಾ ಸಾಕು ಎನ್ನುತ್ತಾರೆ. ನನಗೂ ಒಮ್ಮೆ ಹಾಗೆ ಅನ್ನಬೇಕೆಂದಿತ್ತು. ಅವನ ಬೆರಳು ಮತ್ತೆ ಗಂಟಿನ ಮೇಲಿತ್ತು. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು.

ಆದರೆ ಪಕೀರಣ್ಣನ ನೆನಪಾಯಿತು. ತೆರೆದೂ ಉಳಿದ ಒಬ್ಬರು ಅವರು, ಉಪ್ಪಿನಗದ್ದೆಯವರು. ತಲೆ ಬೆಳ್ಳಗಾಗಿ ಬೆನ್ನು ಬಾಗಿ ಎಷ್ಟೋ ವರ್ಷ ಬದುಕಿದರು. ಮಂಡಿ ನೋಯುತ್ತಿತ್ತು, ಆದರೆ ಎಲ್ಲಿ ಬಿದ್ದು ನೋವಾದದ್ದೆಂದು ಕೇಳಿದರೆ ಗೊತ್ತಿರಲಿಲ್ಲ. ಹಣೆಯ ಮೇಲೆ ನೆರಿಗೆಯಿತ್ತು, ಯಾರ ಚಿಂತೆಗೆ ಬಂದದ್ದೆಂದು ಗೊತ್ತಿರಲಿಲ್ಲ. ಉಳಿದ ಮುದುಕರು ಕಟ್ಟೆಯ ಮೇಲೆ ಕೂತು ಹಳೆಯದನ್ನು ಹೇಳಿಕೊಳ್ಳುವಾಗ ಅವರು ಒಬ್ಬೊಬ್ಬರ ಬಾಯನ್ನೇ ನೋಡುತ್ತ ಕೂರುತ್ತಿದ್ದರು. ಕರಡಿಗೆಯಿಂದ ಬರುವುದು ಬರೀ ವಯಸ್ಸು, ಅದರೊಳಗೆ ಒಂದು ದಿನವೂ ಇರುವುದಿಲ್ಲ.

"ಬೇಡ," ಎಂದೆ. "ಸಮ ಆಗುದಿಲ್ಲ. ನನ್ನ ವಯಸ್ಸು ನಾನು ದುಡಿದದ್ದು. ಒಂದೊಂದು ದಿನಕ್ಕೂ ಲೆಕ್ಕ ಕೊಡ್ತೇನೆ ನಾನು. ನೀನು ಮುಚ್ಚಳ ತೆಗೆದು ಹೊಗೆ ಕುಡಿದು ನನಗೆ ಸಮ ಆಗ್ತೀಯಾ? ನೀನು ಜೀವ ಇಟ್ಕೊಂಡು ಬರ್ಬೇಕು ಅಂತ ನಾನು ಕಾದದ್ದು. ಬಂದಿದ್ದೀ. ಈಗ ಒಂದು ಗಳಿಗೆಯಲ್ಲಿ ಅದನ್ನು ಹಾಳು ಮಾಡುದಕ್ಕೆ ನಾನು ಬಿಡುದಿಲ್ಲ."

"ಮತ್ತೆ ನಾನು ಎಂತ ಮಾಡುದು? ಹೇಳು. ನನ್ನ ಅಮ್ಮ ಇಲ್ಲ, ಹೆಂಡತಿ..."

ಆ ಪ್ರಶ್ನೆಗೆ ಏನು ಹೇಳಬೇಕೆಂದು ಅತ್ತೆ ಕಲಿಸಿರಲಿಲ್ಲ, ನಮ್ಮೂರಿನಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಅವನು ಎದುರಿಗೆ ಕೂತು ಕೇಳಿದಾಗಲೇ ನನಗೆ ಹೊಳೆದದ್ದು. ನಾವು ಬಂದವರಿಗೆ ಎಲ್ಲ ಹೋಯಿತೆಂದು ಮೆತ್ತಗೆ, ಪ್ರೀತಿಯಿಂದ, ಹೊತ್ತು ಏರುವವರೆಗೆ ಹೇಳುತ್ತೇವೆ. ಹೇಳಿ ಮುಗಿಸಿ ಬಾಗಿಲು ಹಾಕುತ್ತೇವೆ. ಕೋಣೆಯಲ್ಲಿ ಚಾಪೆ, ಕರಡಿಗೆ ಬಿಟ್ಟರೆ ಕೈಗೆ ಸಿಗುವುದು ಇನ್ನೇನೂ ಇರುವುದಿಲ್ಲ. ಹಾಗೆ ಕೂತವರು ತೆರೆಯದೆ ಇನ್ನೇನು ಮಾಡಬೇಕು?

ಹೊರಗಿನಿಂದ ತ್ಯಾಂಪಣ್ಣ ಕೆಮ್ಮಿದರು. "ಸೇಸಕ್ಕ, ಆಯ್ತಾ? ಹೊತ್ತಾಯ್ತು. ಹೊರಗೆ ಬನ್ನಿ."

"ಆಗ್ಲಿಲ್ಲ," ಎಂದೆ.

"ಅವನದ್ದು ಅವನಿಗೆ ಬಿಡಿ ಅಕ್ಕ. ಅದು ಮರ್ಯಾದೆ."

"ನಿಮ್ಮ ಮರ್ಯಾದೆಯನ್ನು ಉಪ್ಪು ಹಾಕಿ ಒಣಗಿಸಿಡಿ," ಎಂದು ನಾನು ಬಾಗಿಲನ್ನು ಒದ್ದು ತೆರೆದೆ. ಅಂಗಳದಲ್ಲಿ ಅರ್ಧ ಊರು ನಿಂತಿತ್ತು, ಎಲ್ಲರ ತಲೆ ಒಟ್ಟಿಗೆ ಮೇಲಕ್ಕೆದ್ದಿತು. ನಾನು ವಾಮನನ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬಂದೆ. ಬಂದವರು ಕರಡಿಗೆ ತೆರೆಯದೆ ಆ ಬಾಗಿಲಿನಿಂದ ನಡೆದು ಹೊರಬಂದದ್ದನ್ನು ಯಾರೂ ನೋಡಿರಲಿಲ್ಲ. ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು.

ದಂಡೆಯಲ್ಲಿ ನನ್ನ ಮಗಳು ಜಲಜಳ ದೋಣಿ ನಿಂತಿತ್ತು. ಗಂಡ ಸತ್ತ ಮೇಲೆ ಅವಳೇ ಆಳು ಇಟ್ಟು ದೋಣಿ ನಡೆಸುತ್ತಾಳೆ. ಹಿಂದಿನ ದಿನ ಬಂಡೆಗೆ ಸಿಕ್ಕಿ ಹರಿದ ಬಲೆ ಮರಳ ಮೇಲೆ ರಾಶಿ ಬಿದ್ದಿತ್ತು. ಬಲೆ ಹೆಣೆಯುವ ಸೂಜಿಯನ್ನು ತೆಗೆದು ವಾಮನನ ಕೈಗೆ ಕೊಟ್ಟೆ. "ಕೂತ್ಕೋ. ನಾಳೆ ಬೆಳಿಗ್ಗೆಗೆ ಇದು ಬೇಕು," ಎಂದೆ. ಜನ ಗುಜುಗುಜು ಎಂದರು. ಬಂದವರಿಗೆ ಕೆಲಸ ಹೇಳುವುದೆಂದರೆ ಹೆಣದ ಕೈಯಲ್ಲಿ ನೀರು ಹೊರಿಸಿದ ಹಾಗೆ. ಒಬ್ಬಳು ಕಿವಿ ಮುಚ್ಚಿಕೊಂಡಳು.

ಅವನು ಸೂಜಿ ಹಿಡಿದು ಸುಮ್ಮನೆ ನಿಂತಿದ್ದ. ಕರಡಿಗೆ ಇನ್ನೂ ಕಂಕುಳಲ್ಲೇ ಇತ್ತು. ಬಲೆಯ ಹರುಕನ್ನು ನೋಡಿದ. ಇನ್ನೊಂದು ಕಡೆ ಯಾರೋ ಹಾಕಿದ ಹಳೆಯ ಗಂಟುಗಳನ್ನು ನೋಡಿ ಮುಖ ಸಿಂಡರಿಸಿದ. "ಇದನ್ನು ಕಟ್ಟಿದ್ದು ಯಾರು? ಬಂಗುಡೆ ಅಲ್ಲ, ಹಸು ನುಗ್ತದೆ ಇದರಲ್ಲಿ," ಎಂದ. ಬಲೆ ಹೆಣೆಯಲು ಎರಡು ಕೈ ಬೇಕು. ಕರಡಿಗೆಯನ್ನು ಮರಳಿನ ಮೇಲಿಟ್ಟು ಕೂತ.

ಕಟ್ಟಿದ್ದು ತ್ಯಾಂಪಣ್ಣ. ಅವರು ಮುಂದೆ ಬಂದರು. ವಾಮನ ತಲೆಯೆತ್ತಿ ನೋಡಿ, ಎಷ್ಟೋ ಹೊತ್ತಿನ ಮೇಲೆ, "ತ್ಯಾಂಪಾ? ನಿನ್ನ ಹಲ್ಲೆಲ್ಲ ಎಲ್ಲಿ ಹೋಯ್ತು ಮಾರಾಯ?" ಎಂದು ಕೇಳಿದ. ಊರಿನ ಗುರಿಕಾರರನ್ನು ಹೀಗೆ ಕೇಳುವವರು ಬದುಕಿರುವವರಲ್ಲಿ ಯಾರೂ ಇರಲಿಲ್ಲ. ತ್ಯಾಂಪಣ್ಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆಮೇಲೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಲೆಯ ಇನ್ನೊಂದು ತುದಿ ಹಿಡಿದರು.

ಜಲಜ ಮೀನು ಮಾರುಕಟ್ಟೆಯಿಂದ ಓಡುತ್ತ ಬಂದಳು, ಬುಟ್ಟಿ ತಲೆಯ ಮೇಲೆಯೇ ಇತ್ತು. ಮಾತಿನಲ್ಲಿ ಯಾರಿಗೂ ಸೋಲದ ಹೆಂಗಸು ನನ್ನ ಮಗಳು. ಅವಳು ಆ ಹುಡುಗನನ್ನು ನೋಡಿ ನನ್ನ ಬೆನ್ನ ಹಿಂದೆ ನಿಂತಳು.

"ಅಮ್ಮಾ, ಇವರಾ? ಅಪ್ಪ ಅಂತ ಕರೆಯುದಕ್ಕೆ ನನಗೆ ನಾಲಿಗೆ ತಿರುಗುದಿಲ್ಲ."

ವಾಮನ ಎದ್ದು ನಿಂತ. ಅವಳ ಮುಖವನ್ನೇ ನೋಡುತ್ತ ಎರಡು ಹೆಜ್ಜೆ ಬಂದ. "ನೀನು ನನ್ನ ಅಮ್ಮನ ಹಾಗೆಯೇ ಇದ್ದೀಯಲ್ಲ," ಎಂದ. "ಅಮ್ಮನೇ ಬಂದಳು ಅಂದುಕೊಂಡೆ ನಾನು." ನಮ್ಮ ಅತ್ತೆಯ ಮೂಗು, ಅತ್ತೆಯ ಗದ್ದ ಜಲಜಳಿಗೆ ಬಂದಿರುವುದು ನಿಜ. ಅವಳು ಬುಟ್ಟಿ ಇಳಿಸಿ, "ಊಟ ಆಯ್ತಾ?" ಎಂದು ಕೇಳಿದಳು. ಅಪ್ಪ ಎನ್ನದಿದ್ದರೇನು, ಅದು ಸಾಕಾಯಿತು.

ಹೊತ್ತು ಮುಳುಗಿತು. ಬಲೆ ಇನ್ನೂ ಮುಗಿದಿರಲಿಲ್ಲ. ಕರಡಿಗೆ ಮರಳಿನ ಮೇಲೆ ಹಾಗೇ ಇತ್ತು. ಅದನ್ನು ಸಮುದ್ರಕ್ಕೆ ಎಸೆಯಿರಿ ಎಂದರು ಕೆಲವರು. ಎಸೆದರೆ ಮರುದಿನದ ಉಬ್ಬರಕ್ಕೆ ಅದೇ ಜಾಗಕ್ಕೆ ಬರುತ್ತದೆ, ತೆರೆದವರ ಖಾಲಿ ಕರಡಿಗೆಗಳನ್ನು ಹಿಂದೆ ಎಸೆದು ನೋಡಿದ್ದಾರೆ. ನಾನು ಅದನ್ನು ಮನೆಗೆ ತಂದು ಅಟ್ಟದ ಮೇಲೆ ಹಳೆಯ ಉಪ್ಪಿನಕಾಯಿ ಜಾಡಿಗಳ ಸಾಲಿನಲ್ಲಿ ಇಟ್ಟೆ. ವಾಮನನಿಗೆ ಜಾಗ ತೋರಿಸಿಯೇ ಇಟ್ಟೆ. ಬಚ್ಚಿಟ್ಟರೆ ಹುಡುಕಬೇಕೆನಿಸುತ್ತದೆ.

"ಅಲ್ಲಿ ಉಂಟು," ಎಂದೆ. "ನೀನು ತೆರೀಬೇಕು ಅಂತ ನಿಶ್ಚಯ ಮಾಡಿದ್ರೆ ನನ್ನಿಂದ ತಡೆಯುದಕ್ಕೆ ಆಗುದಿಲ್ಲ, ನನಗೆ ನಿದ್ದೆಯೂ ಬರ್ತದಲ್ಲ. ಆದ್ರೆ ಒಂದು ಕೇಳು. ನಾನು ನಿನಗೆ ಹೆಂಡತಿಯಾಗಿ ಇರುದಕ್ಕೆ ಇನ್ನು ಆಗುದಿಲ್ಲ, ಅದು ನಿನಗೂ ಗೊತ್ತುಂಟು. ನನ್ನ ಆಯುಷ್ಯ ನಾನು ಮಾಡಿ ಮುಗಿಸಿದ್ದೇನೆ. ನಿನ್ನದನ್ನು ನೀನು ಮಾಡು. ದಿನಾ ಬೆಳಿಗ್ಗೆ ಎದ್ದು ಮಾಡು. ಮುದುಕ ಆಗ್ಬೇಕು ಅಂತಿದ್ರೆ ನಡೆದುಕೊಂಡು ಆಗು."

ಗೋಡೆಗೆ ಒರಗಿಸಿದ್ದ ಅವನ ಮಣೆಯನ್ನು ಜಲಜ ತೊಳೆದು ಹಾಕಿದಳು. ಅವನು ಅದರ ಮೇಲೆ ಕೂತು ಉಂಡ.

ಮರುದಿನ ಬೆಳಿಗ್ಗೆ ನಿಜವಾದ ಜಗಳ ಶುರುವಾಯಿತು. ಜಲಜಳ ದೋಣಿಗೆ ಒಬ್ಬ ಆಳು ಕಡಿಮೆ. ಅವನು ಬೈರಾಸು ತಲೆಗೆ ಸುತ್ತಿಕೊಂಡು ಹೊರಟು ನಿಂತ. ಕೇರಿಯೆಲ್ಲ ಬಂದು ಬಾಗಿಲಿಗೆ ಅಡ್ಡ ನಿಂತಿತು. ತ್ಯಾಂಪಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

"ಮೊದಲ ಸಲ ಹೋದದ್ದು ಅಲ್ಲಿಂದಲೇ ಅಲ್ವಾ ಅಕ್ಕ? ಮತ್ತೆ ಕರೆದ್ರೆ? ಇನ್ನೊಂದು ಸಲ ಕಾಯುದಕ್ಕೆ ನಿಮಗೆ ಆಯುಷ್ಯ ಎಲ್ಲುಂಟು? ಅಂಗಡಿಯಲ್ಲಿ ಕೂರಿಸಿ, ಹಂಚಿನ ಕಾರ್ಖಾನೆಗೆ ಹಾಕಿ, ಎಂತದಾದ್ರೂ ಮಾಡಿ. ನೀರಿಗೆ ಕಳಿಸ್ಬೇಡಿ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ರಾತ್ರಿಯಿಡೀ ನಾನೂ ಅದನ್ನೇ ಯೋಚಿಸಿದ್ದೆ. ನನಗೆ ಹೆದರಿಕೆಯಿತ್ತು. ಆದರೆ ಅವನಿಗೆ ಬರುವ ಕೆಲಸ ಅದೊಂದೇ, ಅವನಿಗೆ ಇಷ್ಟವಾದದ್ದೂ ಅದೊಂದೇ. ದಡದಲ್ಲಿ ಕೂರಿಸಿದರೆ ಅವನು ಸಮುದ್ರ ನೋಡುತ್ತ ಕೂರುತ್ತಾನೆ, ಸಂಜೆ ಅಟ್ಟ ನೋಡುತ್ತಾನೆ. ಬಾಗಿಲು ಹಾಕಿ ಮನುಷ್ಯರನ್ನು ಉಳಿಸಿಕೊಳ್ಳಲಾಗುವುದಿಲ್ಲ ಎಂಬುದನ್ನು ಆ ಕೋಣೆಯ ಮುಂದೆ ನಿಂತು ನಿಂತು ನಾನು ಕಲಿತಿದ್ದೇನೆ.

"ಹೋಗ್ಲಿ," ಎಂದೆ. ಬುತ್ತಿ ಕಟ್ಟಿ ಕೊಟ್ಟೆ. "ಯಾವ ಆಮೆ ಸಿಕ್ಕಿದ್ರೂ ಬಿಡಿಸು, ಪಾಪ. ಉಪಕಾರ ಅಂತ ಕರೆದ್ರೆ ಮಾತ್ರ ಮನೆಯಲ್ಲಿ ಬಡಿಸುವವಳಿದ್ದಾಳೆ, ಬಾಯಿ ಜೋರು ಅಂತ ಹೇಳು." ಅವನು ನಕ್ಕ. ಜನ ದಾರಿ ಬಿಟ್ಟರು. ದೋಣಿ ಅಳಿವೆ ದಾಟುವವರೆಗೆ ನಾನು ದಂಡೆಯಲ್ಲಿ ನಿಲ್ಲಲಿಲ್ಲ. ಮನೆಗೆ ಬಂದು ಅಕ್ಕಿ ಬೀಸಲು ಕೂತೆ. ಬೀಸಬೇಕಾದದ್ದಕ್ಕಿಂತ ಬಹಳ ಹೆಚ್ಚು ಬೀಸಿಬಿಟ್ಟೆ.

ಮಧ್ಯಾಹ್ನ ಕಳೆದು ದೋಣಿಗಳು ಬರತೊಡಗಿದವು. ಒಂದೊಂದೇ ದೋಣಿಯ ಇಂಜಿನ್ನಿನ ಸದ್ದು ನನಗೆ ಗೊತ್ತು. ಜಲಜಳದ್ದು ಬರಲಿಲ್ಲ. ಬಿಸಿಲು ಹಳದಿಯಾಯಿತು. ಕೇರಿಯ ಹೆಂಗಸರು ನನ್ನ ಅಂಗಳಕ್ಕೆ ಬಂದು ಏನೂ ಮಾತಾಡದೆ ಕೂತರು. ಅವರ ಮೌನ ನನಗೆ ಪರಿಚಯದ್ದು, ಹಿಂದೊಮ್ಮೆ ಹೀಗೆಯೇ ಕೂತಿದ್ದರು. ಎದ್ದು ಹೋಗಿ ಎಂದು ನಾನು ಅವರ ಮೇಲೆ ರೇಗಿದೆ. ಯಾರೂ ಏಳಲಿಲ್ಲ. ಆಗ ಬೇಲಿಯ ಹತ್ತಿರ ಅವನು ಕಾಣಿಸಿದ, ಭುಜದ ಮೇಲೆ ಬುಟ್ಟಿ, ಮುಖ ಬಾಡಿಹೋಗಿತ್ತು.

ನಾನು ಓಡಿದೆ. ಈ ವಯಸ್ಸಿನಲ್ಲಿ ಓಡಬಾರದು, ಓಡಿದೆ. ಓಡಿ ಎದುರಿಗೆ ನಿಂತು ಕೇರಿಗೆಲ್ಲ ಕೇಳುವ ಹಾಗೆ ಕೂಗಿದೆ. "ಇಷ್ಟು ಹೊತ್ತು ಎಲ್ಲಿದ್ದೆ?"

"ಇಂಜಿನ್ ನಿಂತುಹೋಯ್ತು ಮಾರಾಯ್ತಿ. ಹುಟ್ಟು ಹಾಕಿ ತಂದೆವು," ಎಂದ. "ಅದರ ಹೊಗೆಗೆ ಎರಡು ಸಲ ವಾಂತಿಯೂ ಆಯ್ತು. ಉಣ್ಣುದಕ್ಕೆ ಎಂತ ಉಂಟು?"

ತಡವಾಗಿ ಬಂದ ಗಂಡನನ್ನು ಬೇಲಿಯ ಹತ್ತಿರ ನಿಲ್ಲಿಸಿ ಬೈಯುವುದು ನಮ್ಮ ಕೇರಿಯಲ್ಲಿ ಯಾರೂ ಕಿವಿಗೊಟ್ಟು ಕೇಳದ ಮಾತು. ಅವತ್ತು ಅಂಗಳದಲ್ಲಿ ಕೂತ ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಬುಟ್ಟಿ ಇಳಿಸಿಕೊಂಡು ಒಳಗೆ ನಡೆದೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಅವನು ನನ್ನನ್ನು ಈಗಲೂ ಸೇಸಿ ಎಂದೇ ಕರೆಯುತ್ತಾನೆ. ಪಕ್ಕದ ಕೋಣೆಯಲ್ಲಿ ಮಲಗುತ್ತಾನೆ. ಬೇರೆ ಮದುವೆಯಾಗು ಎಂದು ನಾನು ಹೇಳುತ್ತೇನೆ, ಅವನು ಬಾಯಿ ಮುಚ್ಚು ಎನ್ನುತ್ತಾನೆ, ಈ ಜಗಳ ಇನ್ನೂ ಮುಗಿದಿಲ್ಲ. ಅಟ್ಟ ಹತ್ತಿ ಹೋಗಿ ಸುಮ್ಮನೆ ಕೂತು ಇಳಿದು ಬಂದ ದಿನಗಳೂ ಇವೆ. ಅಂಥ ದಿನ ನಾನು ಕೆಳಗಿನಿಂದ ಏನಾದರೊಂದು ಕೆಲಸ ಕೂಗಿ ಹೇಳುತ್ತೇನೆ. ಆಮೇಲೆ ಇನ್ನಿಬ್ಬರು ಬಂದರು, ಒಬ್ಬಳು ಉಪ್ಪಿನಗದ್ದೆಯವಳು, ಒಬ್ಬ ಅಳಿವೆಯವನು. ಸುದ್ದಿ ಹೇಳಲು ನನ್ನ ಜೊತೆ ವಾಮನನೂ ಬಂದ. ಉಪ್ಪಿನಗದ್ದೆಯವಳು ಈಗ ಜಲಜಳ ಜೊತೆ ಮೀನು ಮಾರುತ್ತಾಳೆ. ಅಳಿವೆಯವನು ನಾವು ಎಷ್ಟು ಹೇಳಿದರೂ ಕೇಳದೆ ತೆರೆದುಬಿಟ್ಟ. ಎಲ್ಲರನ್ನೂ ಉಳಿಸಿಕೊಳ್ಳಲಾಗದು, ಆದರೆ ಬಾಗಿಲು ಹಾಕುವುದನ್ನು ನಿಲ್ಲಿಸಿದ್ದೇವೆ.

ಕಳೆದ ಮಳೆಗಾಲ ನನಗೆ ಜ್ವರ ಹಿಡಿಯಿತು. ಬಿಡುವ ಲಕ್ಷಣ ಕಾಣಲಿಲ್ಲ. ನಡುವೆ ಎಷ್ಟೋ ದಿನ ನನಗೆ ಪ್ರಜ್ಞೆಯೇ ಇರಲಿಲ್ಲವಂತೆ. ನಾನು ಹೋಗಿಬಿಟ್ಟಿದ್ದೆ, ಎಲ್ಲಿಗೆಂದು ಕೇಳಿದರೆ ಗೊತ್ತಿಲ್ಲ. ಬಂದು ಕಣ್ಣು ಬಿಟ್ಟಾಗ ವಾಮನ ಮಂಚದ ಹತ್ತಿರ ನೆಲದ ಮೇಲೆ ಕೂತು, ಮಂಚದ ಕಾಲಿಗೆ ತಲೆ ಆನಿಸಿ ತೂಕಡಿಸುತ್ತಿದ್ದ. ಗಡ್ಡ ಬೆಳೆದಿತ್ತು. ಬೆಳಗಿನ ಬೆಳಕು ಅವನ ಕಿವಿಯ ಹತ್ತಿರ ಬಿದ್ದಿತ್ತು. ಅಲ್ಲಿ ಕಪ್ಪು ಕೂದಲಿನ ನಡುವೆ ಒಂದು ಬಿಳಿ ಎಳೆ ಇತ್ತು. ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಮಲಗುವ ಮೊದಲು ಅದು ಇರಲಿಲ್ಲ, ಆ ತಲೆಗೆ ವಾರಕ್ಕೊಮ್ಮೆ ಎಣ್ಣೆ ಹಚ್ಚುವವಳು ನಾನು.

ಅವನು ಎಚ್ಚೆತ್ತು ನನ್ನನ್ನು ನೋಡಿ, "ಬಂದೆಯಾ? ಎಷ್ಟು ಕಾಯುದು ನಾನು?" ಎಂದ.

ನಾನು ಜಲಜಳನ್ನು ಕೂಗಿದೆ. ತ್ಯಾಂಪಣ್ಣನನ್ನು ಕರೆಸಿದೆ, ಕೇರಿಯವರನ್ನೆಲ್ಲ ಕರೆಸಿದೆ. ಕೆಳಗಿನಿಂದ ಬಂದವನ ತಲೆಯಲ್ಲಿ ತಾನಾಗಿ ಬಂದ ಬಿಳಿ ಕೂದಲನ್ನು ನಮ್ಮೂರಿನಲ್ಲಿ ಯಾರೂ ನೋಡಿರಲಿಲ್ಲ. ಒಬ್ಬೊಬ್ಬರೇ ಬಗ್ಗಿ ನೋಡಿದರು, ಅವನು ನಾಚಿ ಕಿವಿ ಕೆಂಪಗೆ ಮಾಡಿಕೊಂಡು ಕೂತಿದ್ದ. ಎಲ್ಲರೂ ಹೋದ ಮೇಲೆ ಗೋಡೆಯ ಕನ್ನಡಿಯ ಮುಂದೆ ನಿಂತು ಆ ಎಳೆಯನ್ನು ಎರಡು ಬೆರಳಲ್ಲಿ ಹಿಡಿದ.

"ಕೀಳ್ಬೇಡ," ಎಂದೆ. "ಅದು ನೀನು ದುಡಿದದ್ದು."

ಅವನು ಬೆರಳು ಬಿಟ್ಟು, ನನಗೆ ಗಂಜಿ ಬಿಸಿಮಾಡಲು ಒಳಗೆ ಹೋದ.